ಮಗ್ಗ ಭಾಷೆಯ ಫೈಲ್‌ಗಳಿಗೆ ಬಾಲ ಗೊತ್ತುಮಾಡಿದ ಕೆಲಸದ ದಾಖಲೆ

ಕನ್ನಡದ ಪದಗಳಲ್ಲೇ ಆಜ್ಞೆಗಳನ್ನು ಬರೆಯಬಹುದಾದ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆಯನ್ನು ಒಂದೂವರೆ ವರ್ಷದಿಂದ ಬಿಡುವಿನ ವೇಳೆಯಲ್ಲಿ ಕಟ್ಟುತ್ತಿದ್ದೇನೆ. ಅದರ ಹೆಸರು ಮಗ್ಗ. ‘ಮುದ್ರಿಸು’, ‘ಇದ್ದರೆ’, ‘ಇರುವತನಕ’ ಮುಂತಾದ ಹದಿನಾಲ್ಕು ಮೀಸಲು ಪದಗಳಿವೆ. ಸಿ ಭಾಷೆಯಲ್ಲಿ ಬರೆದ ಕಂಪೈಲರ್, ನಾವು ಬರೆದ ಸೋರ್ಸನ್ನು (ಮೂಲ ಪ್ರೋಗ್ರಾಮನ್ನು) ಓದಿ ಬೈಟ್‌ಕೋಡ್, ಅಂದರೆ ಯಂತ್ರ ನಡೆಸಬಲ್ಲ ಸಂಖ್ಯೆಗಳ ಸಾಲು, ಮಾಡುತ್ತದೆ. ಒಂದು ಸಣ್ಣ ವರ್ಚುವಲ್ ಮಷಿನ್ ಆ ಬೈಟ್‌ಕೋಡನ್ನು ನಡೆಸುತ್ತದೆ. ಸಾಲುಗಳನ್ನು ಬಿಡಿಸಿ ಓದುವ ಪಾರ್ಸರ್, ಬೇಡವಾದ ಮೆಮೊರಿಯನ್ನು ತೆರವುಮಾಡುವ ಗಾರ್ಬೇಜ್ ಕಲೆಕ್ಟರ್ ಮೊದಲಾದವು ಕಷ್ಟದ ಕೆಲಸವೆಂದು ಮೊದಲೇ ಗೊತ್ತಿದ್ದುದರಿಂದ ಅವಕ್ಕೆ ಸಮಯವನ್ನು ತೆಗೆದಿಟ್ಟಿದ್ದೆ. ಫೈಲ್‌ಗಳ ಎಕ್ಸ್‌ಟೆನ್ಶನ್ ಮಾತ್ರ ಐದು ನಿಮಿಷದಲ್ಲಿ ಮುಗಿಯುವ ಸಂಗತಿ ಎಂದುಕೊಂಡಿದ್ದೆ. ಅದು ಮೂರು ವಾರ ಹಿಡಿಯಿತು. ಎರಡು ಸಲ ಕಟ್ಟಿ ಬಿಚ್ಚಿದ ಮೇಲೆ ಮೂರನೆಯದು ನಿಂತಿತು. ಎಲ್ಲಿ ಎಡವಿದೆ, ಏನು ತಿದ್ದಿದೆ ಎಂಬುದನ್ನು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಫೈಲ್ ಹೆಸರಿನಲ್ಲಿ ಕೊನೆಯ ಚುಕ್ಕೆಯ ಆಚೆ ಬರುವ ಅಕ್ಷರಗಳನ್ನು ನನ್ನ ಬಳಿ ಶನಿವಾರ ಕಲಿಯಲು ಬರುವ ಮಕ್ಕಳು ‘ಬಾಲ’ ಎನ್ನುತ್ತಾರೆ. ಎಕ್ಸ್‌ಟೆನ್ಶನ್ ಎನ್ನುವುದಕ್ಕಿಂತ ಅದು ನಾಲಿಗೆಗೆ ಹಗುರ. ನಾನೂ ಅದನ್ನೇ ಬಳಸುತ್ತೇನೆ. ರೋಮನ್ ಅಕ್ಷರಗಳ ಬಾಲಗಳನ್ನು ಇಲ್ಲಿ ಓದುವ ಹಾಗೆಯೇ ಬರೆದಿದ್ದೇನೆ, ಅಂದರೆ ‘ಎಂಜಿ’ ಎಂದರೆ ಎಂ ಮತ್ತು ಜಿ ಎಂಬ ಎರಡು ರೋಮನ್ ಅಕ್ಷರಗಳು.

ಮೊದಲ ಆಯ್ಕೆ: ಎಂಜಿ ಮತ್ತು ಎಂಜಿಸಿ

ಬಾಲ ಚಿಕ್ಕದಿರಬೇಕು ಎಂಬ ಭಾವನೆ ನನ್ನ ತಲೆಯಲ್ಲಿ ಹೇಗೋ ಕೂತಿತ್ತು. ಎಲ್ಲಿಂದ ಬಂತೆಂದು ಹಿಂದೆ ಹೋಗಿ ನೋಡಿದರೆ ಡಿಇಸಿ ಕಂಪನಿಯ ಪಿಡಿಪಿ-11 ಯಂತ್ರದ ಕಾಲಕ್ಕೆ ಮುಟ್ಟುತ್ತದೆ. ಆ ಯಂತ್ರದ ಆರ್‌ಟಿ-11 ವ್ಯವಸ್ಥೆಯಲ್ಲಿ ಫೈಲ್ ಹೆಸರುಗಳನ್ನು ರಾಡಿಕ್ಸ್-50 ಎಂಬ ಸಂಕೇತದಲ್ಲಿ ಇಡುತ್ತಿದ್ದರು. ಇಲ್ಲಿ 50 ಎನ್ನುವುದು ಆಕ್ಟಲ್, ಅಂದರೆ ಎಂಟರ ಲೆಕ್ಕದ ಸಂಖ್ಯೆ. ನಮ್ಮ ಲೆಕ್ಕದಲ್ಲಿ 40. ಅಕ್ಷರ, ಅಂಕಿ, ಕೆಲವು ಚಿಹ್ನೆ ಸೇರಿ 40 ಇದ್ದರೆ ಮೂರು ಅಕ್ಷರಗಳ ಜೋಡಣೆ 40 ಗುಣಿಸು 40 ಗುಣಿಸು 40, ಅಂದರೆ 64,000. ಹದಿನಾರು ಬಿಟ್‌ನ ಒಂದು ‘ಪದ’ದಲ್ಲಿ, ಅಂದರೆ ಯಂತ್ರ ಒಟ್ಟಿಗೆ ಹಿಡಿಯುವ ಒಂದು ಖಾನೆಯಲ್ಲಿ, 65,536 ಬೆಲೆಗಳಿಗೆ ಜಾಗವಿದೆ. ಹೀಗೆ ಮೂರಕ್ಷರ ಒಂದು ಪದದೊಳಗೆ ಅಚ್ಚುಕಟ್ಟಾಗಿ ಕೂರುತ್ತಿತ್ತು. ಹೆಸರಿಗೆ ಎರಡು ಪದ, ಬಾಲಕ್ಕೆ ಒಂದು ಪದ. 1974ರಲ್ಲಿ ಗ್ಯಾರಿ ಕಿಲ್ಡಾಲ್ ಬರೆದ ಸಿಪಿಎಂ ವ್ಯವಸ್ಥೆ ಹೆಸರನ್ನು ಎಂಟಕ್ಕೆ ಹಿಗ್ಗಿಸಿದರೂ ಬಾಲವನ್ನು ಮೂರರಲ್ಲೇ ಉಳಿಸಿತು. ಅದರಿಂದ ಡಾಸ್‌ಗೆ, ಡಾಸ್‌ನಿಂದ ನಮ್ಮ ಕೈಬೆರಳುಗಳ ಅಭ್ಯಾಸಕ್ಕೆ ಬಂತು. ಯೂನಿಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಬಾಲ ಎಂಬುದೇ ಇಲ್ಲ. ಅಲ್ಲಿ ಚುಕ್ಕೆಯೂ ಒಂದು ಮಾಮೂಲಿ ಅಕ್ಷರ.

ಒಂದೇ ಅಕ್ಷರದ ‘ಎಂ’ ಮೊದಲ ನೋಟಕ್ಕೆ ಚೆಂದ ಕಂಡಿತು. ಆದರೆ ಆ ಬಾಲವನ್ನು ಆಬ್ಜೆಕ್ಟಿವ್-ಸಿ, ಮ್ಯಾಟ್‌ಲ್ಯಾಬ್, ಮ್ಯಾಥಮ್ಯಾಟಿಕಾ, ಮರ್ಕ್ಯುರಿ ಇಷ್ಟೂ ಆಗಲೇ ಹಂಚಿಕೊಂಡಿವೆ. ಗಿಟ್‌ಹಬ್ ತಾಣ ಭಾಷೆಗಳನ್ನು ಗುರುತಿಸಲು ಬಳಸುವ ಲಿಂಗ್ವಿಸ್ಟ್ ಎಂಬ ಲೈಬ್ರರಿ ಇಂಥ ಕಡೆ ಬಾಲವನ್ನು ಪಕ್ಕಕ್ಕಿಟ್ಟು ಫೈಲಿನ ಒಳಗಿನ ಸಾಲುಗಳನ್ನು ನೋಡಿ ಊಹಿಸಬೇಕಾಗುತ್ತದೆ. ಪರ್ಲ್ ಮತ್ತು ಪ್ರೊಲಾಗ್ ಎರಡೂ ‘ಪಿಎಲ್’ ಎನ್ನುತ್ತವೆ. ವೆರಿಲಾಗ್ ಮತ್ತು ಕಾಕ್ (2025ರಿಂದ ಇದರ ಹೆಸರು ರಾಕ್) ಎರಡೂ ‘ವಿ’ ಎನ್ನುತ್ತವೆ. ಟೈಪ್‌ಸ್ಕ್ರಿಪ್ಟಿನ ‘ಟಿಎಸ್’ ಬಾಲವೇ ಎಂಪೆಗ್ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಎಂಬ ವಿಡಿಯೋ ಬಗೆಗೂ ಇರುವುದರಿಂದ, ಕೋಡ್ ತೆರೆಯಹೋದವರ ಮುಂದೆ ವಿಡಿಯೋ ಪ್ಲೇಯರ್ ಬಂದು ನಿಲ್ಲುವುದುಂಟು. ದೊಡ್ಡ ಭಾಷೆಗಳು ಈ ಜಗಳವನ್ನು ತಾಳಿಕೊಳ್ಳುತ್ತವೆ, ಏಕೆಂದರೆ ಅವುಗಳ ಪರವಾಗಿ ಊಹಿಸುವ ನಿಯಮಗಳನ್ನು ಬರೆಯಲು ಜನರಿದ್ದಾರೆ. ಮಗ್ಗದ ಪರವಾಗಿ ಇರುವುದು ನಾನೊಬ್ಬನೇ.

ಸೋರ್ಸಿಗೆ ‘ಎಂಎ’, ಬೈಟ್‌ಕೋಡಿಗೆ ‘ಎಂಬಿ’ ಎಂದೂ ಯೋಚಿಸಿದೆ. ಮಾಯಾ ಎಂಬ ತ್ರಿಡಿ ತಂತ್ರಾಂಶದಲ್ಲಿ ಇವೇ ಎರಡು ಬಾಲಗಳು ಕ್ರಮವಾಗಿ ಪಠ್ಯರೂಪದ ಫೈಲಿಗೂ ಬೈನರಿ ಫೈಲಿಗೂ ಇವೆ. ಅಷ್ಟು ಅಚ್ಚುಕಟ್ಟಾದ ಜೋಡಿಯನ್ನು ಯಾರೋ ಆಗಲೇ ಕೊಂಡೊಯ್ದಿರುವುದು ಆಶ್ಚರ್ಯವಲ್ಲ. ಕೊನೆಗೆ ‘ಎಂಜಿ’ ಎಂದು ನಿಂತೆ. ಬೆಂಗಳೂರಿನಲ್ಲಿ ಬೆಳೆದವರಿಗೆ ಅದು ರಸ್ತೆಯ ಹೆಸರು, ಔಷಧದ ಅಂಗಡಿಯಲ್ಲಿ ಮಿಲಿಗ್ರಾಂ, ಆದರೂ ಪರವಾಗಿಲ್ಲ ಎಂದುಕೊಂಡೆ. ಬೈಟ್‌ಕೋಡಿಗೆ ಕೊನೆಯಲ್ಲಿ ಒಂದು ‘ಸಿ’ ಸೇರಿಸಿ ‘ಎಂಜಿಸಿ’ ಮಾಡಿದೆ. ಪೈಥಾನಿನಲ್ಲಿ ‘ಪಿವೈ’ಗೆ ‘ಪಿವೈಸಿ’, ಈಮ್ಯಾಕ್ಸ್ ಲಿಸ್ಪ್‌ನಲ್ಲಿ ‘ಇಎಲ್’ಗೆ ‘ಇಎಲ್‌ಸಿ’ ಇರುವಾಗ ನಾನೂ ಅದೇ ದಾರಿಯಲ್ಲಿ ನಡೆದೆ. ಇದೇ ಎಡವಟ್ಟಾಯಿತು.

ಲಿನಕ್ಸ್‌ನಲ್ಲಿ ‘ಫೈಲ್’ ಎಂಬ ಆಜ್ಞೆಯಿದೆ. ಅದು ಬಾಲವನ್ನು ನೋಡದೆ, ಫೈಲಿನ ಮೊದಲ ಕೆಲವು ಬೈಟ್‌ಗಳನ್ನು ತನ್ನ ಪಟ್ಟಿಯೊಂದಿಗೆ ಹೋಲಿಸಿ ಇದು ಚಿತ್ರ, ಇದು ಜಿಪ್ ಎಂದು ಹೇಳುತ್ತದೆ. ಮಗ್ಗದ ಬೈಟ್‌ಕೋಡನ್ನೂ ಅದು ಗುರುತಿಸಲಿ ಎಂದು, ಆ ಪಟ್ಟಿಗೆ ಸೇರಿಸಬೇಕಾದ ಎರಡು ಸಾಲುಗಳನ್ನು ಬರೆಯಲು ಕೂತೆ. ಸಾಲುಗಳನ್ನು ‘ಮಗ್ಗ’ ಎಂಬ ಬಾಲವಿಲ್ಲದ ಫೈಲಿನಲ್ಲಿ ಬರೆದು, ಅದನ್ನು ಕಂಪೈಲ್ ಮಾಡುವ ಆಜ್ಞೆಯನ್ನು ಕೊಟ್ಟೆ. ಅದೇ ಫೋಲ್ಡರಿನಲ್ಲಿ ಸೀರೆಯ ಅಂಚಿನ ವಿನ್ಯಾಸವನ್ನು ಚುಕ್ಕೆಗಳಲ್ಲಿ ಮುದ್ರಿಸುವ ‘ಮಗ್ಗ.ಎಂಜಿ’ ಎಂಬ ನನ್ನ ಮಾದರಿ ಪ್ರೋಗ್ರಾಮ್ ಇತ್ತು. ಅದರ ಬೈಟ್‌ಕೋಡ್ ‘ಮಗ್ಗ.ಎಂಜಿಸಿ’ಯೂ ಇತ್ತು. ಅದಾದ ಮೇಲೆ ಆ ಮಾದರಿಯನ್ನು ನಡೆಸಿದರೆ ನನ್ನದೇ ವರ್ಚುವಲ್ ಮಷಿನ್ ‘ಗೊತ್ತಿಲ್ಲದ ಆಪ್‌ಕೋಡ್ 28’ ಎಂದು ಹೇಳಿ ನಿಂತುಬಿಟ್ಟಿತು. ಆಪ್‌ಕೋಡ್ ಎಂದರೆ ಮಷಿನ್‌ಗೆ ಗೊತ್ತಿರುವ ಒಂದೊಂದು ಕೆಲಸಕ್ಕೆ ಕೊಟ್ಟ ಸಂಖ್ಯೆ. ಆಗ ಮಗ್ಗದಲ್ಲಿ ಇದ್ದುದೇ 24 ಆಪ್‌ಕೋಡ್‌ಗಳು.

ಅರ್ಧ ಸಂಜೆ ಕಂಪೈಲರಿನಲ್ಲಿ ತಪ್ಪು ಹುಡುಕಿದೆ. ಆಮೇಲೆ ಹೆಕ್ಸ್‌ಡಂಪ್ (ಬೈಟ್‌ಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುವ ಪಟ್ಟಿ) ತೆಗೆದು ನೋಡಿದಾಗ ಮೊದಲ ನಾಲ್ಕು ಬೈಟ್‌ಗಳು 1ಸಿ 04 1ಇ ಎಫ್1 ಎಂದಿದ್ದವು. ಹಿಂದುಮುಂದಾಗಿ ಓದಿದರೆ ಎಫ್11ಇ 041ಸಿ. ಒಂದನ್ನು ಐ ಮತ್ತು ಎಲ್ ಎಂದು ಕಂಡುಕೊಂಡರೆ ಮೊದಲರ್ಧ ಇಂಗ್ಲಿಷಿನ ‘ಫೈಲ್’ ಎಂಬ ಪದ. ಅದು ‘ಫೈಲ್’ ಆಜ್ಞೆಯ ಕಂಪೈಲ್ ಆದ ಪಟ್ಟಿಯ ಗುರುತು. ಆ ಆಜ್ಞೆ ತನ್ನ ಪಟ್ಟಿಯನ್ನು ಕಂಪೈಲ್ ಮಾಡಿ ಇಡುವಾಗ ಹಾಕುವ ಬಾಲವೂ ‘ಎಂಜಿಸಿ’ಯೇ. ನಾನು ಕೊಟ್ಟ ಆಜ್ಞೆ ನನ್ನ ಬೈಟ್‌ಕೋಡಿನ ಮೇಲೆಯೇ ತನ್ನ ಪಟ್ಟಿಯನ್ನು ಬರೆದುಬಿಟ್ಟಿತ್ತು. ನನ್ನ ಮಷಿನ್ ಏನನ್ನೂ ವಿಚಾರಿಸದೆ ಅದರ ಮೊದಲ ಬೈಟನ್ನು, ಅಂದರೆ ಹೆಕ್ಸಿನ 1ಸಿ ಅಥವಾ 28ನ್ನು, ಆಪ್‌ಕೋಡ್ ಎಂದು ನಂಬಿ ನಡೆಸಲು ಹೋಗಿತ್ತು. ಫೈಲ್‌ಗಳನ್ನು ಗುರುತಿಸುವುದಕ್ಕಾಗಿಯೇ ಇರುವ ಸಲಕರಣೆಯ ಬಾಲವನ್ನು ಕದ್ದು ಅದೇ ಸಲಕರಣೆಯಿಂದ ಹೊಡೆತ ತಿಂದದ್ದು ನನಗೆ ಸಿಗಬೇಕಾದದ್ದೇ.

ಇದರಲ್ಲಿ ತಪ್ಪು ಎರಡಿದ್ದವು. ಎಂಜಿಸಿ ಬಾಲ ಇನ್ನೊಬ್ಬರದು ಎಂಬುದು ಚಿಕ್ಕದು. ನನ್ನ ಮಷಿನ್ ಬಾಲವೊಂದನ್ನೇ ನಂಬಿ ಬೈಟ್‌ಗಳನ್ನು ನಡೆಸಿತು ಎಂಬುದು ದೊಡ್ಡದು.

ಒಂದಕ್ಷರದ ಅಂತರ

ಬಾಲ ಬದಲಾಯಿಸುವುದು ಹೇಗೂ ಖಚಿತವಾದ ಮೇಲೆ, ಕೊನೆಗೆ ‘ಸಿ’ ಸೇರಿಸುವ ಪದ್ಧತಿಯನ್ನೇ ಒಮ್ಮೆ ಪರೀಕ್ಷಿಸಿದೆ. ಸೋರ್ಸ್ ಮತ್ತು ಬೈಟ್‌ಕೋಡ್ ಒಂದೇ ಫೋಲ್ಡರಿನಲ್ಲಿ, ಒಂದೇ ಅಕ್ಷರದ ಅಂತರದಲ್ಲಿ ಇದ್ದರೆ ಆಗುವ ಕಿರಿಕಿರಿಗಳು ದಿನವೂ ಕೈಗೆ ತಾಗುವಂಥವು. ‘ಲೆಕ್ಕ’ ಎಂದು ಟೈಪ್ ಮಾಡಿ ಟ್ಯಾಬ್ ಒತ್ತಿದರೆ ಟರ್ಮಿನಲ್ ‘ಲೆಕ್ಕ.ಎಂಜಿ’ಯವರೆಗೆ ತುಂಬಿ, ಮುಂದೆ ಹೋಗಬೇಕೋ ಬೇಡವೋ ತಿಳಿಯದೆ ನಿಲ್ಲುತ್ತದೆ. ಬೈಟ್‌ಕೋಡ್‌ಗಳನ್ನೆಲ್ಲ ಅಳಿಸಲು ನಕ್ಷತ್ರ ಚಿಹ್ನೆ ಹಾಕಿ ಎಂಜಿಸಿ ಎಂದು ಬರೆಯುವಾಗ ಕೊನೆಯ ಸಿ ಬೆರಳಿಗೆ ತಪ್ಪಿದರೆ ಸೋರ್ಸ್ ಹೋಗುತ್ತದೆ. ನನಗೆ ಹಾಗಾಗಿಲ್ಲ, ಆದರೆ ಎಂಟರ್ ಒತ್ತುವ ಮೊದಲು ಎರಡು ಸಲ ಉಸಿರು ಬಿಗಿಹಿಡಿದದ್ದುಂಟು.

ವಿಂಡೋಸ್‌ನಲ್ಲಿ ಇದಕ್ಕಿಂತ ನವಿರಾದ ಒಂದು ಬಲೆಯಿದೆ. ‘ಎಂಎಜಿ’ ಎಂಬ ಮೂರಕ್ಷರದ ಬಾಲ, ಬೈಟ್‌ಕೋಡಿಗೆ ‘ಎಂಎಜಿಸಿ’ ಎಂಬ ನಾಲ್ಕಕ್ಷರದ ಬಾಲ ಎಂದು ಒಂದು ಪ್ರಯೋಗ ಮಾಡಿದೆ. ಶನಿವಾರ ಮಕ್ಕಳು ಬಳಸುವ ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ, ನಕ್ಷತ್ರ ಹಾಕಿ ಎಂಎಜಿ ಬಾಲದ ಫೈಲ್‌ಗಳನ್ನು ಪಟ್ಟಿಮಾಡು ಎಂದರೆ ಎಂಎಜಿಸಿ ಫೈಲ್‌ಗಳೂ ಬಂದವು. ಕಾರಣ ಅದೇ ಹಳೆಯ ಎಂಟು-ಮೂರರ ಲೆಕ್ಕ. ಎನ್‌ಟಿಎಫ್‌ಎಸ್ ಡ್ರೈವ್‌ನಲ್ಲಿ ಚಿಕ್ಕ ಹೆಸರುಗಳ ಸೌಲಭ್ಯ ಚಾಲೂ ಇದ್ದರೆ ಪ್ರತಿ ಉದ್ದ ಹೆಸರಿಗೂ ಮೂರಕ್ಷರದ ಬಾಲವಿರುವ ಒಂದು ಗುಪ್ತ ಚಿಕ್ಕ ಹೆಸರು ಹುಟ್ಟಿಕೊಳ್ಳುತ್ತದೆ. ಹುಡುಕಾಟ ಎರಡೂ ಹೆಸರುಗಳಲ್ಲಿ ನಡೆಯುತ್ತದೆ. ಎಚ್‌ಟಿಎಂ ಕೇಳಿದರೆ ಎಚ್‌ಟಿಎಂಎಲ್ ಕೂಡ ಬರುವುದು ಇದೇ ಕಾರಣಕ್ಕೆ. ಎಲ್ಲ ಸೋರ್ಸ್‌ಗಳನ್ನೂ ಕಂಪೈಲ್ ಮಾಡುವ ನನ್ನ ಬ್ಯಾಚ್ ಫೈಲ್ ಹೀಗೆ ಬೈಟ್‌ಕೋಡನ್ನೂ ಕಂಪೈಲರಿನ ಬಾಯಿಗೆ ತುರುಕಿತು. ಹಾಗಾಗಿ ನಿಯಮವೊಂದನ್ನು ಹಾಕಿಕೊಂಡೆ: ಎರಡು ಬಾಲಗಳ ಮೊದಲ ಅಕ್ಷರವೇ ಬೇರೆಯಾಗಿರಬೇಕು. ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸದ ಮೇಲೂ ಏನನ್ನೂ ಕಟ್ಟಬಾರದು. ಜಿಸಿಸಿ ಕಂಪೈಲರ್ ಸಣ್ಣ ಸಿ ಬಾಲವನ್ನು ಸಿ ಎಂದೂ ದೊಡ್ಡ ಸಿ ಬಾಲವನ್ನು ಸಿ ಪ್ಲಸ್ ಪ್ಲಸ್ ಎಂದೂ ಓದುತ್ತದೆ. ವಿಂಡೋಸ್‌ನಲ್ಲಾಗಲಿ ಸಾಮಾನ್ಯವಾಗಿ ಸಿಗುವ ಮ್ಯಾಕ್‌ನಲ್ಲಾಗಲಿ ಒಂದೇ ಫೋಲ್ಡರಿನಲ್ಲಿ ಆ ಎರಡನ್ನೂ ಇಡಲಾಗುವುದಿಲ್ಲ.

ಕನ್ನಡ ಅಕ್ಷರಗಳ ಬಾಲ

ಎರಡನೆಯ ಸಲ ಮನಸ್ಸು ಹೋದದ್ದು ಕನ್ನಡದ ಕಡೆಗೆ. ಆಜ್ಞೆಗಳು ಕನ್ನಡದಲ್ಲಿರುವಾಗ ಬಾಲವೂ ಕನ್ನಡ ಲಿಪಿಯಲ್ಲಿರಲಿ, ಸೋರ್ಸಿಗೆ ‘ಮಗ್ಗ’, ಬೈಟ್‌ಕೋಡಿಗೆ ‘ನೇಯ್ಗೆ’ ಎಂದಿರಲಿ ಎಂಬ ಆಸೆ. ಇದು ಕೇಳಲು ತೀರಾ ವಿಚಿತ್ರವೂ ಅಲ್ಲ. ಮೋಜೊ ಭಾಷೆ ಬೆಂಕಿಯ ಇಮೋಜಿಯನ್ನೇ ಬಾಲವಾಗಿ ಒಪ್ಪುತ್ತದೆ, ಇಂಟರ್‌ನೆಟ್ ವಿಳಾಸಗಳಲ್ಲಿ ‘.ಭಾರತ’ ಎಂಬ ಕನ್ನಡ ಲಿಪಿಯ ಕೊನೆ ಇದೆ. ಆದರೆ ವಿಳಾಸಗಳ ವ್ಯವಸ್ಥೆಯಲ್ಲಿ ಕನ್ನಡ ಹೆಸರಿನ ಕೆಳಗೆ ರೋಮನ್ ಅಕ್ಷರಗಳ ಒಂದು ಸಂಕೇತರೂಪ ಇದ್ದೇ ಇರುತ್ತದೆ. ಫೈಲ್ ವ್ಯವಸ್ಥೆಗೆ ಅಂಥ ಆಸರೆಯಿಲ್ಲ; ಬರೆದ ಬೈಟ್‌ಗಳೇ ಹೆಸರು.

ಎರಡು ವಾರ ಇದನ್ನು ನಿಜವಾಗಿಯೂ ಬಳಸಿದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ಜಾಗ 0ಸಿ80ರಿಂದ 0ಸಿಎಫ್ಎಫ್‌ವರೆಗೆ. ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಮಗ್ಗ ಎಂಬುದರಲ್ಲಿ ಮ, ಗ, ಹಲಂತ, ಗ ಹೀಗೆ ನಾಲ್ಕು ಸಂಕೇತ, 12 ಬೈಟ್. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್ ಆದ್ದರಿಂದ ಕನ್ನಡದಲ್ಲಿ 85 ಸಂಕೇತಗಳವರೆಗೆ ಬರೆಯಬಹುದು. ಉದ್ದ ಒಂದು ತೊಡಕೇ ಅಲ್ಲ. ತೊಡಕು ಎದುರಾದದ್ದು ಸುತ್ತಲಿನ ಸಲಕರಣೆಗಳಲ್ಲಿ. ಫೈಲ್‌ಗಳ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಸ್ಥಿತಿ ನೋಡಿದರೆ ‘ಮಗ್ಗ’ ಎಂಬ ನಾಲ್ಕು ಸಂಕೇತಗಳ ಜಾಗದಲ್ಲಿ \340\262\256\340\262\227\340\263\215\340\262\227 ಎಂಬ ಸಾಲು ಬಂದು ಕೂತಿತ್ತು. ರೋಮನ್ ಅಲ್ಲದ ಪ್ರತಿ ಬೈಟನ್ನೂ ಆಕ್ಟಲ್ ಸಂಖ್ಯೆಯಾಗಿ ತೋರಿಸುವುದು ಗಿಟ್‌ನ ಮೂಲ ಸ್ವಭಾವ. ಒಂದು ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತದೆ, ಆದರೆ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಬದಲಿಸಬೇಕು. ನನ್ನ ಟರ್ಮಿನಲ್ ಒತ್ತಕ್ಷರವನ್ನು ಕೂಡಿಸದೆ ‘ಮಗ್’ ಮತ್ತು ‘ಗ’ ಎಂದು ಬಿಡಿಬಿಡಿಯಾಗಿ ತೋರಿಸುತ್ತಿತ್ತು. ಆಜ್ಞೆಯನ್ನು ಇಂಗ್ಲಿಷ್ ಕೀಲಿಮಣೆಯಲ್ಲಿ ಹೊಡೆದು, ಬಾಲಕ್ಕೆ ಬಂದಾಗ ಕನ್ನಡಕ್ಕೆ ಹೊರಳಿ, ಮತ್ತೆ ಇಂಗ್ಲಿಷಿಗೆ ಮರಳುವುದು ದಿನಕ್ಕೆ ನೂರು ಸಲ ಮಾಡುವ ಕೆಲಸವಾಯಿತು.

ಇವನ್ನೆಲ್ಲ ಸಹಿಸಿಕೊಳ್ಳುತ್ತಿದ್ದೆನೋ ಏನೋ. ನನ್ನ ಮನಸ್ಸು ಬದಲಾದದ್ದು ‘ನೇಯ್ಗೆ’ಯಲ್ಲಿರುವ ‘ನೇ’ ಅಕ್ಷರದಿಂದ. ದೀರ್ಘ ಏತ್ವದ ಚಿಹ್ನೆಗೆ ಯೂನಿಕೋಡ್‌ನಲ್ಲಿ 0ಸಿಸಿ7 ಎಂಬ ಒಂದೇ ಸಂಕೇತವಿದೆ. ಅದನ್ನೇ 0ಸಿಸಿ6 ಎಂಬ ಹ್ರಸ್ವ ಏತ್ವ ಮತ್ತು 0ಸಿಡಿ5 ಎಂಬ ದೀರ್ಘದ ಗುರುತು ಎಂದು ಎರಡಾಗಿ ಬಿಡಿಸಿಯೂ ಬರೆಯಬಹುದು, ಯೂನಿಕೋಡ್ ಪ್ರಕಾರ ಎರಡೂ ಸಮಾನ. ಕಣ್ಣಿಗೆ ಒಂದೇ, ಬೈಟ್‌ಗಳು ಬೇರೆ. ಪೈಥಾನಿನಲ್ಲಿ ಎರಡೂ ರೂಪಗಳ ಉದ್ದ ಅಳೆದು ನೋಡಿದೆ: ಕೂಡಿಸಿದ ‘ನೇಯ್ಗೆ’ 6 ಸಂಕೇತ, 18 ಬೈಟ್, ಬಿಡಿಸಿದ್ದು 7 ಸಂಕೇತ, 21 ಬೈಟ್. ನನ್ನ ಮಷಿನ್ ಹೆಸರಿನ ಕೊನೆಯ 18 ಬೈಟ್‌ಗಳನ್ನು ಹೋಲಿಸುತ್ತಿತ್ತು. ಬಿಡಿಸಿದ ರೂಪದ ಹೆಸರನ್ನು ಕೊಟ್ಟರೆ ‘ಇದು ನೇಯ್ಗೆ ಫೈಲ್ ಅಲ್ಲ’ ಎಂದು, ಎದುರಿಗೇ ನೇಯ್ಗೆ ಎಂದು ಬರೆದಿರುವ ಫೈಲನ್ನು ತೋರಿಸಿ ಹೇಳಿತು. ಹೆಸರುಗಳನ್ನು ತಾನಾಗಿಯೇ ಬಿಡಿಸಿ ಇಡುವ ವ್ಯವಸ್ಥೆಗಳು ಇಲ್ಲದಿಲ್ಲ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹಾಗೆ ಮಾಡುತ್ತಿತ್ತು. ಕೀ, ಕೇ, ಕೈ, ಕೊ, ಕೋ ಈ ಐದೂ ಗುಣಿತಾಕ್ಷರಗಳಿಗೆ ಇದೇ ಪಾಡು.

ಇದರ ಜೊತೆಗೆ ಕಾಣದ ಒಂದು ಅಕ್ಷರವೂ ಇದೆ. ಹಲಂತದಲ್ಲಿ ಮುಗಿಯುವ ಪದದ ಕೊನೆಗೆ ಅಕ್ಷರಗಳು ಕೂಡದಂತೆ ತಡೆಯುವ ಶೂನ್ಯ ಅಗಲದ ಸಂಕೇತವನ್ನು ಕೆಲವರು ಅಭ್ಯಾಸದಿಂದ ಸೇರಿಸುತ್ತಾರೆ. ‘ಕೋಡ್’ ಎಂದು ಎರಡು ಫೈಲ್‌ಗಳು ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ ಇರಲು ಇಷ್ಟು ಸಾಕು.

ತೀರ್ಮಾನ ಹೀಗಾಯಿತು: ಹೆಸರು ಕನ್ನಡದಲ್ಲಿರಬಹುದು, ಬಾಲ ರೋಮನ್ ಅಕ್ಷರದಲ್ಲೇ ಇರಬೇಕು. ಒಂದು ಫೈಲಿನಿಂದ ಇನ್ನೊಂದನ್ನು ತರಿಸಿಕೊಳ್ಳುವ ‘ತಾ’ ಎಂಬ ಆಜ್ಞೆ ಹೆಸರನ್ನು ಹುಡುಕುವ ಮೊದಲು ಅದನ್ನೂ ಫೋಲ್ಡರಿನಲ್ಲಿರುವ ಹೆಸರುಗಳನ್ನೂ ಕೂಡಿಸಿದ ರೂಪಕ್ಕೆ ತಂದು, ಕೊನೆಯ ಕಾಣದ ಸಂಕೇತವನ್ನು ತೆಗೆದು, ಆಮೇಲೆ ಹೋಲಿಸುತ್ತದೆ. ಎರಡು ಲಿಪಿಯ ಬಾಲಗಳನ್ನೂ ಒಪ್ಪಿಕೊಳ್ಳಬಹುದಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ಒಂದೇ ಹೆಸರಿನ ಫೈಲ್ ಎರಡು ಬಾಲಗಳಲ್ಲಿ ಇದ್ದರೆ ‘ತಾ’ ಯಾವುದನ್ನು ತರಬೇಕು ಎಂಬುದಕ್ಕೆ ನನಗೆ ಒಪ್ಪಿಗೆಯಾಗುವ ಉತ್ತರ ಸಿಗಲಿಲ್ಲ.

ಬೈಟ್‌ಕೋಡಿನ ತಲೆ

ಇನ್ನು ಆ ದೊಡ್ಡ ತಪ್ಪು. ಬಾಲ ಏನೇ ಇರಲಿ, ಬೈಟ್‌ಕೋಡ್ ಫೈಲ್ ತನ್ನ ಗುರುತನ್ನು ತಲೆಯಲ್ಲೇ, ಅಂದರೆ ಆರಂಭದ ಬೈಟ್‌ಗಳಲ್ಲೇ, ಹೊತ್ತಿರಬೇಕು. ಜಾವಾದ ಕ್ಲಾಸ್ ಫೈಲ್ ಸಿಎ ಎಫ್‌ಇ ಬಿಎ ಬಿಇ ಎಂಬ ನಾಲ್ಕು ಬೈಟ್‌ಗಳಿಂದ ಶುರುವಾಗುತ್ತದೆ. ಅದನ್ನು ‘ಕೆಫೆ ಬೇಬ್’ ಎಂದು ಓದಬಹುದು. ತಮಾಷೆಯ ಗುರುತಿಗೂ ಬಾಧೆ ತಪ್ಪಿದ್ದಲ್ಲ: ಹಲವು ಪ್ರೊಸೆಸರ್‌ಗಳ ಕೋಡನ್ನು ಒಟ್ಟಿಗೆ ಇಡುವ ಮ್ಯಾಕ್‌ನ ಫೈಲ್ ಬಗೆಯೂ ಇದೇ ನಾಲ್ಕು ಬೈಟ್‌ಗಳಿಂದ ಶುರುವಾಗುವುದರಿಂದ, ‘ಫೈಲ್’ ಆಜ್ಞೆ ಮುಂದಿನ ಸಂಖ್ಯೆ ಎಷ್ಟು ದೊಡ್ಡದು ಎಂದು ನೋಡಿ ಊಹಿಸಬೇಕಾಗಿದೆ. ಲೂವಾದ ಬೈಟ್‌ಕೋಡ್ ಎಸ್ಕೇಪ್ ಸಂಕೇತದ ನಂತರ ತನ್ನ ಹೆಸರನ್ನೇ ಬರೆದುಕೊಂಡಿದೆ. ನನಗೆ ಹೆಚ್ಚು ಹಿಡಿಸಿದ್ದು 1996ರಲ್ಲಿ ಬಂದ ಪಿಎನ್‌ಜಿ ಚಿತ್ರ ಬಗೆಯ ಎಂಟು ಬೈಟ್‌ಗಳು. ಮೊದಲ ಬೈಟಿನ ಮೇಲಿನ ಬಿಟ್ ಒಂದು. ಏಳು ಬಿಟ್‌ಗಳನ್ನಷ್ಟೇ ಸಾಗಿಸುವ ದಾರಿಯಲ್ಲಿ ಹೋದರೆ ಅದು ಕೆಡುತ್ತದೆ. ಆಮೇಲೆ ಮೂರಕ್ಷರದ ಹೆಸರು. ನಂತರ ವಿಂಡೋಸ್ ಮಾದರಿಯ ಸಾಲುಮುರಿತ, ಡಾಸ್‌ನಲ್ಲಿ ಫೈಲ್ ಮುದ್ರಣ ನಿಲ್ಲಿಸುವ 1ಎ, ಕೊನೆಗೆ ಯೂನಿಕ್ಸ್ ಮಾದರಿಯ ಸಾಲುಮುರಿತ. ಯಾರಾದರೂ ದಾರಿಯಲ್ಲಿ ಸಾಲುಮುರಿತಗಳನ್ನು ‘ಸರಿಪಡಿಸಿದರೆ’ ಮೊದಲ ಎಂಟು ಬೈಟ್‌ಗಳಲ್ಲೇ ಸಿಕ್ಕಿಬೀಳುತ್ತದೆ.

ನಾನು ಈ ಮಾದರಿಯನ್ನು ಹಿಡಿದು, ಮೊದಲಿಗೆ ‘ಮ’ ಅಕ್ಷರದ ಮೂರು ಬೈಟ್‌ಗಳನ್ನೇ ಇಡೋಣವೆಂದುಕೊಂಡೆ: ಇ0 ಬಿ2 ಎಇ. ಮೂರರಲ್ಲೂ ಮೇಲಿನ ಬಿಟ್ ಒಂದೇ ಇದೆ, ಹೆಸರಿನ ಮೊದಲ ಅಕ್ಷರವೂ ಆಯಿತು. ಪರೀಕ್ಷೆಯ ಮಟ್ಟಿಗೆ ಆ ಮೂರನ್ನಷ್ಟೇ ನೋಡುವ ಹಾಗೆ ಬರೆದೆ. ಹೊಸ ತಲೆಯ ಬೈಟ್‌ಕೋಡ್ ಫೈಲ್‌ಗಳೆಲ್ಲ ಸರಿಯಾಗಿ ನಡೆದವು. ಆಮೇಲೆ ಒಂದೇ ಸಾಲಿನ ಸೋರ್ಸ್ ಫೈಲೊಂದನ್ನು ಕೊಟ್ಟರೆ ಮಷಿನ್ ಅದನ್ನು ಬೈಟ್‌ಕೋಡ್ ಎಂದು ಹಿಡಿದು ಕೂತಿತು. ಆ ಸಾಲು ‘ಮುದ್ರಿಸು’ ಎಂದು ಶುರುವಾಗುತ್ತಿತ್ತು. ಕನ್ನಡದ ಸೋರ್ಸ್ ಫೈಲ್ ಮ ಅಕ್ಷರದಿಂದ ಶುರುವಾಗುವುದಕ್ಕಿಂತ ಸಹಜವಾದದ್ದು ಇನ್ನೇನಿದೆ? ನನ್ನ ಭಾಷೆಯ ಅತಿ ಹೆಚ್ಚು ಬಳಕೆಯ ಆಜ್ಞೆಯನ್ನೇ ನಾನು ಬೈಟ್‌ಕೋಡಿನ ಗುರುತಾಗಿ ಮಾಡಿಟ್ಟಿದ್ದೆ.

ಪರಿಹಾರ ಸುಲಭವಾಗಿತ್ತು. ಎಫ್5ರಿಂದ ಎಫ್‌ಎಫ್‌ವರೆಗಿನ ಬೈಟ್‌ಗಳು ಸರಿಯಾದ ಯುಟಿಎಫ್-8 ಪಠ್ಯದಲ್ಲಿ ಎಲ್ಲಿಯೂ ಬರುವಂತಿಲ್ಲ. ಅವುಗಳಲ್ಲಿ ಎಫ್‌ಎಫ್ ಮತ್ತು ಎಫ್‌ಇ ಯುಟಿಎಫ್-16ರ ಆರಂಭದ ಗುರುತಿನಲ್ಲಿ ಬರುವುದರಿಂದ ಅವನ್ನು ಬಿಟ್ಟು ಎಫ್8 ಆರಿಸಿಕೊಂಡು ‘ಮ’ದ ಮುಂದೆ ಇಟ್ಟೆ. ಈಗ ತಲೆಯ ಮೊದಲ ಎಂಟು ಬೈಟ್‌ಗಳು ಎಫ್8 ಇ0 ಬಿ2 ಎಇ 0ಡಿ 0ಎ 1ಎ 0ಎ. ಯಾವ ಸೋರ್ಸ್ ಫೈಲೂ ಹೀಗೆ ಶುರುವಾಗಲಾರದು. ಇದರ ಮುಂದೆ ಎರಡು ಬೈಟ್ ಬೈಟ್‌ಕೋಡಿನ ಆವೃತ್ತಿ, ಎರಡು ಬೈಟ್ ಆಯ್ಕೆಗಳು, ನಾಲ್ಕು ಬೈಟ್ ಸೋರ್ಸಿನ ಸಿಆರ್‌ಸಿ-32 (ಒಳಗಿನ ಬೈಟ್‌ಗಳಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆ). ಒಟ್ಟು 16 ಬೈಟ್. ಆವೃತ್ತಿ ಸದ್ಯಕ್ಕೆ 3 ಆದ್ದರಿಂದ ಅದರ ಎರಡನೆಯ ಬೈಟ್ ಸೊನ್ನೆ. ಗಿಟ್ ಮೊದಲ 8,000 ಬೈಟ್‌ಗಳಲ್ಲಿ ಸೊನ್ನೆ ಬೈಟ್ ಕಂಡರೆ ಫೈಲನ್ನು ಬೈನರಿ ಎಂದು ಎಣಿಸುವುದರಿಂದ ಅದೂ ಒಂದು ಅನುಕೂಲವಾಯಿತು.

ಸೋರ್ಸ್ ಬದಲಾಗಿದೆಯೇ ಎಂದು ತಿಳಿಯಲು ಫೈಲಿನ ಸಮಯ ನೋಡಿದರೆ ಸಾಲದೇ, ಸಿಆರ್‌ಸಿ ಏಕೆ ಎಂಬ ಪ್ರಶ್ನೆ ಬರಬಹುದು. ಪೈಥಾನ್ ಸಾಮಾನ್ಯವಾಗಿ ಸಮಯ ಮತ್ತು ಗಾತ್ರವನ್ನೇ ನೋಡುತ್ತದೆ; 3.7ನೇ ಆವೃತ್ತಿಯಿಂದ ಸೋರ್ಸಿನ ಹ್ಯಾಶ್ (ಇದೂ ಅಂಥದೇ ತಾಳೆ ಸಂಖ್ಯೆ) ಇಡುವ ಆಯ್ಕೆಯನ್ನೂ ಕೊಟ್ಟಿದೆ. ನಮ್ಮ ಮಕ್ಕಳ ಫೈಲ್‌ಗಳು ಇರುವುದು ಪೆನ್‌ಡ್ರೈವ್‌ಗಳಲ್ಲಿ. ಫ್ಯಾಟ್ ಬಗೆಯ ಪೆನ್‌ಡ್ರೈವ್‌ನಲ್ಲಿ ಬದಲಾವಣೆಯ ಸಮಯ ಎರಡೆರಡು ಸೆಕೆಂಡಿನ ಹೆಜ್ಜೆಯಲ್ಲಿ ದಾಖಲಾಗುತ್ತದೆ. 7 ಎಂಬಲ್ಲಿ 8 ಎಂದು ತಿದ್ದಿ ಕೂಡಲೇ ಓಡಿಸುವ ಹುಡುಗಿಗೆ ಎರಡು ಸೆಕೆಂಡ್ ಬಹಳ ದೊಡ್ಡ ಕಾಲ; ಗಾತ್ರವೂ ಬದಲಾಗಿರುವುದಿಲ್ಲ. ಹಳೆಯ ಬೈಟ್‌ಕೋಡ್ ನಡೆದು ಹಳೆಯ ಉತ್ತರವೇ ಬಂದರೆ ಅವಳು ತಪ್ಪು ತನ್ನದೆಂದುಕೊಳ್ಳುತ್ತಾಳೆ. ಸಿಆರ್‌ಸಿ-32ರಲ್ಲಿ ಬೆಲೆಗಳು ಸುಮಾರು 429 ಕೋಟಿ. ಶನಿವಾರದ ತರಗತಿಗೆ ಅಷ್ಟು ಸಾಕು.

ಮೂರನೆಯ ಆಯ್ಕೆ

ಸೋರ್ಸಿಗೆ ರೋಮನ್ ಅಕ್ಷರಗಳಲ್ಲಿ ಪೂರ್ಣ ಹೆಸರನ್ನೇ ಇಟ್ಟೆ: ಎಂ-ಎ-ಜಿ-ಜಿ-ಎ, ಮಗ್ಗ. ಐದಕ್ಷರ ಉದ್ದವೆನಿಸಿದರೂ ಟ್ಯಾಬ್ ಒತ್ತಿದರೆ ಅದೇ ತುಂಬಿಕೊಳ್ಳುತ್ತದೆ, ಏಕೆಂದರೆ ಈಗ ಪಕ್ಕದಲ್ಲಿ ಅದನ್ನು ಹೋಲುವ ಇನ್ನೊಂದು ಫೈಲ್ ಇಲ್ಲ. ಬೈಟ್‌ಕೋಡ್ ಸೋರ್ಸಿನ ಪಕ್ಕದಿಂದ ಎದ್ದು ‘ನೇಯ್ಗೆ’ ಎಂಬ ಉಪಫೋಲ್ಡರಿಗೆ ಹೋಗಿದೆ. ಫೋಲ್ಡರಿನ ಹೆಸರನ್ನೂ ಒಳಗಿನ ಫೈಲ್‌ಗಳ ಬಾಲವನ್ನೂ ರೋಮನ್‌ನಲ್ಲಿ ಎನ್-ಇ-ವೈ-ಜಿ-ಇ ಎಂದು ಬರೆಯುತ್ತೇನೆ. ಆ ಬಾಲವನ್ನು ಯಾರೂ ಕೈಯಿಂದ ಹೊಡೆಯಬೇಕಾಗಿಲ್ಲವಾದ್ದರಿಂದ ಕಾಗುಣಿತ ಹೇಗಿದ್ದರೂ ನಡೆಯುತ್ತದೆ.

ಈ ಉಪಫೋಲ್ಡರಿನ ಉಪಾಯ ಪೈಥಾನಿನದು. ಪೈಥಾನ್ 2ರಲ್ಲಿ ಬೈಟ್‌ಕೋಡ್ ಸೋರ್ಸಿನ ಪಕ್ಕದಲ್ಲೇ ಇರುತ್ತಿತ್ತು; ಸೋರ್ಸ್ ಅಳಿಸಿದ ಮೇಲೂ ಪಿವೈಸಿ ಉಳಿದುಕೊಂಡು, ಇಲ್ಲದ ಮಾಡ್ಯೂಲ್ ಇದೆ ಎಂಬಂತೆ ಲೋಡ್ ಆಗುತ್ತಿತ್ತು. ಬ್ಯಾರಿ ವಾರ್ಸಾ ಬರೆದ ಪೆಪ್ 3147 ಎಂಬ ಬದಲಾವಣೆಯ ಪ್ರಸ್ತಾವದ ಪ್ರಕಾರ 3.2ನೇ ಆವೃತ್ತಿಯಿಂದ ಅವೆಲ್ಲ ಪೈಕ್ಯಾಶ್ ಫೋಲ್ಡರಿಗೆ ಹೋದವು, ಫೈಲ್ ಹೆಸರಿನಲ್ಲೇ ಪೈಥಾನಿನ ಆವೃತ್ತಿಯೂ ಸೇರಿತು, ಸೋರ್ಸ್ ಇಲ್ಲದಿದ್ದರೆ ಅಲ್ಲಿನ ಬೈಟ್‌ಕೋಡನ್ನು ಮುಟ್ಟುವುದಿಲ್ಲವೆಂದಾಯಿತು. ಮೂರನ್ನೂ ನಾನು ಹಾಗೆಯೇ ತೆಗೆದುಕೊಂಡಿದ್ದೇನೆ. ಆಪ್ಟಿಮೈಸ್ ಮಾಡಿದ ಬೈಟ್‌ಕೋಡಿಗೆ ಬೇರೆ ಬಾಲ ಬೇಕೇ ಎಂಬ ಪ್ರಶ್ನೆಗೂ ಅಲ್ಲಿಯೇ ಉತ್ತರ ಸಿಕ್ಕಿತು: ಪೈಥಾನ್ ಅದಕ್ಕೆಂದು ಇಟ್ಟುಕೊಂಡಿದ್ದ ‘ಪಿವೈಒ’ ಬಾಲವನ್ನು 3.5ರಲ್ಲಿ ಕೈಬಿಟ್ಟಿತು. ನನ್ನ ಬೈಟ್‌ಕೋಡಿನ ತಲೆಯಲ್ಲಿರುವ ಎರಡು ಬೈಟ್ ಆಯ್ಕೆಗಳು ಆ ಕೆಲಸಕ್ಕೆ ಸಾಕು.

ಆಜ್ಞೆಯಲ್ಲಿ ಫೈಲ್ ಹೆಸರನ್ನು ನೇರವಾಗಿ ಕೊಟ್ಟರೆ ಮಷಿನ್ ಈಗ ಬಾಲವನ್ನು ನೋಡುವುದೇ ಇಲ್ಲ. ಮೊದಲ ಎಂಟು ಬೈಟ್ ಹೊಂದಿದರೆ ಬೈಟ್‌ಕೋಡ್. ಇಲ್ಲದಿದ್ದರೆ, ಸರಿಯಾದ ಯುಟಿಎಫ್-8 ಆಗಿದ್ದರೆ ಸೋರ್ಸ್. ಅದೂ ಅಲ್ಲದಿದ್ದರೆ ದೂರು. ಬಾಲವನ್ನು ನೋಡುವುದು ‘ತಾ’ ಆಜ್ಞೆಯೊಂದೇ. ಲಿನಕ್ಸ್‌ನಲ್ಲಿ ಬಿನ್‌ಎಫ್ಎಂಟಿ-ಮಿಸ್ಕ್ ಎಂಬ, ಯಾವ ಫೈಲನ್ನು ಯಾವ ಪ್ರೋಗ್ರಾಮಿನಿಂದ ನಡೆಸಬೇಕೆಂದು ನಿರ್ಧರಿಸುವ ಕರ್ನಲ್ ಸೌಲಭ್ಯಕ್ಕೆ ಬಾಲವನ್ನಾದರೂ ಕೊಡಬಹುದು, ಮೊದಲ ಬೈಟ್‌ಗಳನ್ನಾದರೂ ಕೊಡಬಹುದು. ನಾನು ಮೊದಲ ನಾಲ್ಕು ಬೈಟ್‌ಗಳನ್ನು ಕೊಟ್ಟೆ. ಈಗ ಬೈಟ್‌ಕೋಡ್ ಫೈಲಿಗೆ ನಡೆಸುವ ಅನುಮತಿ ಕೊಟ್ಟರೆ, ಬಾಲವನ್ನೇ ಕತ್ತರಿಸಿ ಹಾಕಿದರೂ, ಅದು ತಾನಾಗಿ ನಡೆಯುತ್ತದೆ. ಎಡಿಟರ್‌ಗಳ ಕೆಲಸ ಬೇಗ ಮುಗಿಯಿತು: ವಿಮ್‌ಗೆ ಒಂದು ಸಾಲು, ವಿಎಸ್ ಕೋಡ್‌ಗೆ ಎಕ್ಸ್‌ಟೆನ್ಶನ್ ಪಟ್ಟಿಯಲ್ಲಿ ಒಂದು ನಮೂದು, ಲಿನಕ್ಸ್ ಡೆಸ್ಕ್‌ಟಾಪಿಗೆ ಸಾದಾ ಪಠ್ಯದ ಉಪಬಗೆ ಎಂದು ಹೇಳುವ ಒಂದು ಎಕ್ಸ್‌ಎಂಎಲ್ ತುಣುಕು.

ಮಾದರಿಗಳು ಮತ್ತು ಪರೀಕ್ಷೆಗಳು ಸೇರಿ 61 ಫೈಲ್‌ಗಳ ಹೆಸರು ಬದಲಿಸಿದೆ. ಎಲ್ಲವನ್ನೂ ಗಿಟ್‌ನ ಸ್ಥಳಾಂತರ ಆಜ್ಞೆಯಿಂದಲೇ, ಒಳಗಿನ ಒಂದಕ್ಷರವನ್ನೂ ಮುಟ್ಟದೆ, ಪ್ರತ್ಯೇಕ ಕಮಿಟ್‌ನಲ್ಲಿ (ಗಿಟ್‌ನ ಒಂದು ದಾಖಲೆಯಲ್ಲಿ) ಮಾಡಿದೆ. ಹೆಸರು ಮತ್ತು ಒಳಗಿನ ಸಾಲುಗಳನ್ನು ಒಟ್ಟಿಗೆ ಬದಲಿಸಿದರೆ ಗಿಟ್ ಹಳೆಯ ಫೈಲಿಗೂ ಹೊಸದಕ್ಕೂ ಇರುವ ನಂಟನ್ನು ಕಾಣದೆ ಹೋಗಬಹುದು. ಹಳೆಯ ‘ಎಂಜಿ’ ಬಾಲವನ್ನು ‘ತಾ’ ಇನ್ನೊಂದು ಆವೃತ್ತಿಯವರೆಗೆ ಎಚ್ಚರಿಕೆ ಹೇಳಿ ಒಪ್ಪಿಕೊಳ್ಳುತ್ತದೆ. ಹಳೆಯ ಎಂಜಿಸಿ ಫೈಲ್‌ಗಳನ್ನು ಅಳಿಸುವಾಗ ನಕ್ಷತ್ರ ಚಿಹ್ನೆ ಬಳಸಲಿಲ್ಲ. ಪಟ್ಟಿ ಮಾಡಿ, ಪ್ರತಿಯೊಂದರ ಮೊದಲ ನಾಲ್ಕು ಬೈಟ್ ನೋಡಿ ಅಳಿಸಿದೆ.

ಮೊದಲ ಶನಿವಾರವೇ ಇಬ್ಬರು ಮಕ್ಕಳು ಎರಡು ಹೊಸ ಬಾಲಗಳನ್ನು ಕಂಡುಹಿಡಿದರು. ನೋಟ್‌ಪ್ಯಾಡಿನಲ್ಲಿ ಉಳಿಸಿದವನ ಫೈಲಿಗೆ ಮಗ್ಗದ ಹಿಂದೆ ‘ಟಿಎಕ್ಸ್‌ಟಿ’ ಸೇರಿಕೊಂಡಿತ್ತು. ವಿಂಡೋಸ್ ತನಗೆ ಗೊತ್ತಿರುವ ಬಾಲಗಳನ್ನು ಮರೆಮಾಡುವುದರಿಂದ ಅವನಿಗೆ ಅದು ಕಾಣಿಸಲಿಲ್ಲ. ಇನ್ನೊಬ್ಬಳು ಒಂದು ಜಿ ಬಿಟ್ಟು ಬರೆದಿದ್ದಳು. ಮಗ್ಗ ಹೋಗಿ ಮಗ ಆಗಿತ್ತು. ನೇರವಾಗಿ ಕೊಟ್ಟಾಗ ಎರಡೂ ನಡೆದವು. ‘ತಾ ಲೆಕ್ಕ’ ಎಂದಾಗ ಮಾತ್ರ ಸಿಗಲಿಲ್ಲ, ‘ಲೆಕ್ಕ ಎಂಬ ಫೈಲ್ ಇಲ್ಲ’ ಎಂಬ ಒಣ ಸಂದೇಶ ಬಂತು. ಆ ರಾತ್ರಿ ಸಂದೇಶವನ್ನು ತಿದ್ದಿದೆ. ಈಗ ‘ತಾ’ ಸೋತಾಗ ಅದೇ ಫೋಲ್ಡರಿನಲ್ಲಿ ಆ ಹೆಸರಿನಿಂದ ಶುರುವಾಗುವ ಫೈಲ್‌ಗಳನ್ನು ಪೂರ್ತಿ ಬಾಲದ ಸಮೇತ ಮುದ್ರಿಸಿ, ‘ಇವುಗಳಲ್ಲಿ ಒಂದರ ಬಾಲ ತಪ್ಪಿರಬಹುದೇ?’ ಎಂದು ಕೇಳುತ್ತದೆ.